ಮರುಭೂಮಿಯ ಆಮೆಮರಿಗೊಂದು ಮಳೆಗಾಲ: ಪೆಟ್ಟಿಗೆಯೊಳಗೆ ತೇವ ಉಳಿಸುವ ಬಗೆ

ನಮ್ಮ ಗುಂಡನ ಬೆನ್ನು ನೋಡಿದವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಎಷ್ಟು ಚೆನ್ನಾಗಿದೆ! ಪುಟ್ಟ ಪುಟ್ಟ ಗೋಪುರ ಜೋಡಿಸಿದ ಹಾಗಿದೆ." ನಾನು ನಕ್ಕು ಸುಮ್ಮನಾಗುತ್ತೇನೆ. ಆ ಗೋಪುರಗಳು ನನ್ನ ತಪ್ಪಿನಿಂದ ಎದ್ದವು. ಸುಲ್ಕಾಟಾ ಆಮೆಯ ಬೆನ್ನು ಬೋರಲು ಹಾಕಿದ ಬೋಗುಣಿಯಂತೆ ನಯವಾಗಿರಬೇಕು.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಊರೊಂದರಲ್ಲಿ. ಎದುರುಮನೆಯವರ ಹಿತ್ತಿಲಿನ ದೊಡ್ಡ ಸುಲ್ಕಾಟಾ ಮೊಟ್ಟೆ ಇಟ್ಟು ಮರಿ ಮಾಡಿದಾಗ ಒಂದು ಮರಿ ನನ್ನ ಮಗಳ ಕೈಗೆ ಬಂತು. ಐದು ಸೆಂಟಿಮೀಟರ್ ಉದ್ದ, ಅಂಗೈಯಲ್ಲಿ ಇಟ್ಟರೆ ಭಾರವೇ ಗೊತ್ತಾಗದು. "ಮರುಭೂಮಿ ಪ್ರಾಣಿ, ಒಣಗಿದ್ದಷ್ಟೂ ಒಳ್ಳೆಯದು" ಎಂದು ಒಂದು ಅಂಗಡಿಯಲ್ಲಿ ಹೇಳಿದರು. ನನಗೂ ಸರಿ ಅನ್ನಿಸಿತು. ಮುಚ್ಚಳವಿಲ್ಲದ ಗಾಜಿನ ತೊಟ್ಟಿ, ಕೆಳಗೆ ಒಣ ಹುಲ್ಲಿನ ಉಂಡೆಗಳು, ಮೇಲೆ ಬಿಸಿ ದೀಪ. ಏಳು ತಿಂಗಳಲ್ಲಿ ಗುಂಡನ ಬೆನ್ನಿನ ಪ್ರತಿ ಫಲಕವೂ ಉಬ್ಬಿ ನಿಂತಿತು. ಎರಡು ವರ್ಷದ ಮೇಲೆ ಅದೇ ತಾಯಿಯ ಇನ್ನೊಂದು ಮರಿ ಬಂತು. ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟೆವು. ಪುಟ್ಟಿಯನ್ನು ತೇವದಲ್ಲಿ ಬೆಳೆಸಿದೆ. ಅವಳ ಬೆನ್ನು ಈಗಲೂ ನಯವಾಗಿದೆ. ಕೆಳಗಿನದೆಲ್ಲ ಆ ಎರಡನೇ ಸಲದ ಪಾಠ.

ಮೊದಲೇ ಒಂದು ಮಾತು. ಊರಿನಿಂದ ಓದುತ್ತಿರುವವರು ಇದನ್ನು ನೋಡಿ ನಕ್ಷತ್ರ ಆಮೆ ತಂದು ಸಾಕಲು ಹೋಗಬೇಡಿ. ಭಾರತದಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸುಲ್ಕಾಟಾದಂಥ ಹೊರದೇಶದ ಜಾತಿಯನ್ನೂ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅರಿಜೋನಾದಲ್ಲೂ ಕಾಡಿನಲ್ಲಿ ಕಂಡ ಮರುಭೂಮಿ ಆಮೆಯನ್ನು ಎತ್ತಿಕೊಂಡು ಬರುವಂತಿಲ್ಲ.

ಒಣನಾಡಿನ ಪ್ರಾಣಿಗೆ ತೇವ ಯಾಕೆ?

ಸುಲ್ಕಾಟಾದ ತವರು ಆಫ್ರಿಕಾದ ಸಹೇಲ್, ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಮೇಲೆ ನೋಡಿದರೆ ಸುಡುವ ನೆಲ. ಆದರೆ ಈ ಆಮೆ ಬದುಕುವುದು ಹೆಚ್ಚಾಗಿ ನೆಲದಡಿಯಲ್ಲಿ. ಹಲವು ಮೀಟರ್ ಉದ್ದದ ಬಿಲ ತೋಡಿ ಅದರೊಳಗೆ ಸೇರಿಕೊಳ್ಳುತ್ತದೆ. ಬಿಲದ ಗಾಳಿ ತಂಪು, ಒದ್ದೆ. ಮರಿಗಳು ಮೊಟ್ಟೆಯೊಡೆದು ಹೊರಬರುವುದು ಮಳೆ ಬಿದ್ದು ನೆಲ ಹಸಿರಾಗುವ ಕಾಲಕ್ಕೆ. ನಾವು ನೋಡುವ "ಮರುಭೂಮಿ ಆಮೆ"ಯ ಬಾಲ್ಯ ಮಳೆಗಾಲದಲ್ಲೇ ಕಳೆಯುತ್ತದೆ.

ಬೆನ್ನು ಉಬ್ಬುವುದನ್ನು ಸಾಕುವವರು ಪಿರಮಿಡಿಂಗ್ ಎನ್ನುತ್ತಾರೆ. ಬಹಳ ಕಾಲ ಇದಕ್ಕೆ ಪ್ರೋಟೀನ್ ಜಾಸ್ತಿಯಾದದ್ದೇ ಕಾರಣ ಎಂದು ನಂಬಿದ್ದರು. ವಿಯೆನ್ನಾದ ಪಶುವೈದ್ಯ ಸಂಶೋಧಕರು 50 ಸುಲ್ಕಾಟಾ ಮರಿಗಳನ್ನು ಐದು ತಿಂಗಳು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಆಹಾರ ಕೊಟ್ಟು ಬೆಳೆಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಣ ಗಾಳಿಯ ಮರಿಗಳಿಗೆ ಉಬ್ಬು ಎತ್ತರವಾಗಿ ಬಂತು. ಶೇ 45ರಿಂದ 99ರ ತೇವಾಂಶದಲ್ಲಿದ್ದ ಮರಿಗಳ ಬೆನ್ನು ಅದಕ್ಕಿಂತ ನಯವಾಗಿತ್ತು. ಪ್ರೋಟೀನಿನ ಪಾತ್ರ ಸಣ್ಣದು. ಇದನ್ನು ಓದಿದ ದಿನ ನಾನು ಗುಂಡನ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಎದ್ದ ಉಬ್ಬು ಮತ್ತೆ ಇಳಿಯುವುದಿಲ್ಲ. ತೇವ ಕೊಟ್ಟರೆ ಮುಂದಿನ ಬೆಳವಣಿಗೆ ನಯವಾಗಬಹುದು, ಅಷ್ಟೇ. ಆದ್ದರಿಂದ ಮೊದಲ ಒಂದೆರಡು ವರ್ಷ ಬಹಳ ಮುಖ್ಯ.

ಗುರಿ ಎಷ್ಟು?

ಸುಲ್ಕಾಟಾ ಮತ್ತು ಲೆಪರ್ಡ್ ಆಮೆಯ ಮರಿಗೆ ಹಗಲು ರಾತ್ರಿ ಗಾಳಿಯ ತೇವಾಂಶ ಶೇ 80ರ ಆಸುಪಾಸು ಇರಲಿ. ಅದಕ್ಕಿಂತ ಜಾಸ್ತಿಯಾದರೂ ಹೆದರಬೇಕಿಲ್ಲ. ಆದರೆ ಒಂದು ಷರತ್ತು ಇದೆ, ಬೆಚ್ಚಗಿರಬೇಕು. ಪೆಟ್ಟಿಗೆಯ ಅತಿ ತಂಪಾದ ಮೂಲೆ, ಅದೂ ರಾತ್ರಿ, 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಅಮೆರಿಕದಲ್ಲಿರುವವರಿಗೆ ನೆನಪಿಡಲು ಸುಲಭ: 80 ಫ್ಯಾರನ್‌ಹೀಟ್, 80 ತೇವಾಂಶ. ಒದ್ದೆಯೂ ತಣ್ಣಗೂ ಇದ್ದರೆ ಮರಿಗೆ ಎದೆಯ ಸೋಂಕು ಹಿಡಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಜಡಿಮಳೆಗೆ ಮಕ್ಕಳಿಗೆ ಥಂಡಿ ಆಗುತ್ತದಲ್ಲ, ಹಾಗೆ ಅಂದುಕೊಳ್ಳಿ. ಮಂಗಳೂರಿನ ಮೇ ತಿಂಗಳ ಸೆಕೆ ಬೇಕು, ಆಗುಂಬೆಯ ಜುಲೈ ಬೇಡ.

ರೆಡ್‌ಫೂಟ್ ಜಾತಿಗೂ ತೇವ ಜಾಸ್ತಿಯೇ ಬೇಕು. ಹರ್ಮನ್ಸ್ ಮತ್ತು ರಷ್ಯನ್ ಆಮೆಗಳ ಮರಿಗೆ ಇಷ್ಟು ಬೇಡ, ರಾತ್ರಿಯ ತಂಪನ್ನೂ ಅವು ತಡೆಯುತ್ತವೆ. ಆದರೆ ಹೂತು ಮಲಗಲು ಒದ್ದೆ ಮಣ್ಣು ಅವಕ್ಕೂ ಇರಲೇಬೇಕು.

ಹೆಜ್ಜೆ 1: ಮೊದಲು ಮುಚ್ಚಳ, ಆಮೇಲೆ ನೀರು

ನಾನು ಎಡವಿದ್ದು ಇಲ್ಲೇ. ತೇವ ಬೇಕೆಂದು ತಿಳಿದ ಮೇಲೂ ಮುಚ್ಚಳವಿಲ್ಲದ ತೊಟ್ಟಿಗೇ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತಿದ್ದೆ. ಹತ್ತು ನಿಮಿಷ ತೇವಾಂಶದ ಮೀಟರಿನ ಮುಳ್ಳು ಮೇಲೇರುತ್ತಿತ್ತು, ಆಮೇಲೆ ಮತ್ತೆ ಶೇ 25. ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕಾರಣ ಸರಳ. ದೀಪದಡಿಯ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಜೊತೆಗೆ ತೇವವನ್ನೂ ಹೊತ್ತು ಹೊರಹೋಗುತ್ತದೆ. ಅದರ ಜಾಗಕ್ಕೆ ಕೋಣೆಯ ಒಣ ಗಾಳಿ ನುಗ್ಗುತ್ತದೆ. ಇನ್ನೊಂದು ಲೆಕ್ಕವೂ ಇದೆ. ಕೋಣೆಯಲ್ಲಿ 20 ಡಿಗ್ರಿ, ತೇವಾಂಶ ಶೇ 50 ಇದೆ ಅನ್ನಿ. ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು ಶೇ 28ಕ್ಕೆ ಇಳಿಯುತ್ತದೆ. ಒಂದು ಹನಿ ನೀರೂ ಕಡಿಮೆಯಾಗಿಲ್ಲ. ಬಿಸಿ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಜಾಸ್ತಿ, ಅದಕ್ಕೇ ಪ್ರಮಾಣ ಕುಸಿಯಿತು. ಹಾಗಾಗಿ "ನಮ್ಮ ಮನೆಯಲ್ಲಿ ತೇವ ಸಾಕಷ್ಟಿದೆ" ಎನ್ನುವವರ ಪೆಟ್ಟಿಗೆಯೊಳಗೂ ಬರವೇ ಇರಬಹುದು. ಫೀನಿಕ್ಸ್‌ನಲ್ಲಂತೂ ಜೂನ್ ಮಧ್ಯಾಹ್ನ ಹೊರಗೆ ಶೇ 10ಕ್ಕಿಂತ ಕೆಳಗೆ ಇಳಿಯುವುದು ಮಾಮೂಲು. ಮೇಲೆ ಏಸಿ ಬೇರೆ. ಚಳಿನಾಡಿನಲ್ಲಿ ಇರುವವರಿಗೆ ಚಳಿಗಾಲದ ಹೀಟರ್ ಇದೇ ಕೆಲಸ ಮಾಡುತ್ತದೆ.

ಹಾಗಾದರೆ ದೀಪ, ಹೀಟರ್ ಎಲ್ಲವೂ ಒಳಗೇ ಇದ್ದು, ನಾಲ್ಕು ಬದಿ ಮತ್ತು ಮೇಲ್ಭಾಗ ಮುಚ್ಚಿರುವ ಪೆಟ್ಟಿಗೆ ಬೇಕು. ಒಂದು ಮರಿಗೆ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಇದ್ದರೆ ಒಂದು ವರ್ಷ ಸಾಕು. ಮುಂದೆ ಜಾರುವ ಗಾಜಿನ ಬಾಗಿಲಿರುವ ಪಿವಿಸಿ ಪೆಟ್ಟಿಗೆ ಒಳ್ಳೆಯದು, ದುಬಾರಿ. ಪ್ಲೈವುಡ್ಡಿನಲ್ಲಿ ನೀವೇ ಮಾಡಿಕೊಳ್ಳುವುದಾದರೆ ಒಳಗಡೆ ನೀರು ತಡೆಯುವ ಬಣ್ಣ ಎರಡು ಮೂರು ಕೋಟ್ ಬಳಿದು, ಸಂದುಗಳಿಗೆ ಸಿಲಿಕೋನ್ ತುಂಬಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಡಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಹಲಗೆ ಉಬ್ಬಿ ಹಪ್ಪಳವಾಗುತ್ತದೆ.

ಗಾಳಿಯಾಡಲು ಬೇರೆ ತೂತು ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಬಾಗಿಲಿನ ಸಂದು, ವೈರ್ ಹೋಗುವ ತೂತು, ದಿನಕ್ಕೆ ಎರಡು ಸಲ ನೀವು ಬಾಗಿಲು ತೆಗೆಯುವುದು, ಒಂದು ಸಣ್ಣ ಮರಿಗೆ ಇಷ್ಟು ಧಾರಾಳ.

ಈಗಾಗಲೇ ಮೇಲೆ ತೆರೆದ ತೊಟ್ಟಿ ಕೊಂಡುಬಿಟ್ಟಿದ್ದರೆ ಬಿಸಾಡಬೇಡಿ. ಪಿವಿಸಿ ಪೈಪಿನ ಚೌಕಟ್ಟು ನಿಲ್ಲಿಸಿ, ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ ಹೊದಿಸಿದರೆ ಪುಟ್ಟ ಹಸಿರುಮನೆ ಆಗುತ್ತದೆ. ಆದರೆ ಬಿಸಿ ದೀಪ ಪ್ಲಾಸ್ಟಿಕ್ಕಿಗೆ ತಾಗುವಷ್ಟು ಹತ್ತಿರ ಎಲ್ಲೂ ಇರಬಾರದು. ಕಡಿಮೆಯೆಂದರೂ ಒಂದು ಅಡಿ ಅಂತರ ಬಿಡಿ, ದೀಪವನ್ನು ಬರೀ ಕ್ಲಿಪ್ಪಿನ ಮೇಲೆ ನಂಬಿ ಬಿಡದೆ ಸರಪಳಿಯಲ್ಲೂ ತೂಗುಹಾಕಿ. ಪ್ರತಿ ವೈರ್ ಪ್ಲಗ್ಗಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋಲುವಂತೆ ಬಿಡಿ. ವೈರಿನ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಹೆಜ್ಜೆ 2: ಹಾಸು

ತೇವದ ಬ್ಯಾಂಕು ಎಂದರೆ ಕೆಳಗಿನ ಹಾಸು. ಗಾಳಿಗೆ ಎಷ್ಟು ಚಿಮುಕಿಸಿದರೂ ನಿಲ್ಲುವುದಿಲ್ಲ. ಹಾಸಿನಲ್ಲಿ ಕೂಡಿಟ್ಟ ನೀರು ಮಾತ್ರ ಇಡೀ ದಿನ ನಿಧಾನಕ್ಕೆ ಆವಿಯಾಗುತ್ತಿರುತ್ತದೆ.

ನನ್ನ ಆಯ್ಕೆ ಆರ್ಕಿಡ್ ಗಿಡಗಳಿಗೆ ಹಾಕುವ ಫರ್ ಮರದ ತೊಗಟೆ ಚೂರು, ಸಣ್ಣ ಗಾತ್ರದ್ದು. ಬೇಗ ಬೂಸ್ಟು ಹಿಡಿಯುವುದಿಲ್ಲ, ಮೈಗೆ ಮೆತ್ತಿಕೊಳ್ಳುವುದಿಲ್ಲ, ಕೆಳಗೆ ನೀರಿದ್ದರೂ ಮೇಲ್ಪದರ ಬೇಗ ಒಣಗುತ್ತದೆ. 10 ಸೆಂಟಿಮೀಟರ್ ದಪ್ಪ ಹಾಕಿ. ನಾನು ಹೇಳಿದ ಅಳತೆಯ ಪೆಟ್ಟಿಗೆಗೆ ಸುಮಾರು 72 ಲೀಟರ್ ಬೇಕಾಗುತ್ತದೆ.

ಎರಡನೆಯದು ಕೋಕೋಪೀಟ್. ಇಲ್ಲಿಯ ಅಂಗಡಿಯಲ್ಲಿ ಸಾಕುಪ್ರಾಣಿ ವಿಭಾಗದಲ್ಲಿ ಇಟ್ಟಿಗೆಯಂತೆ ಕಟ್ಟಿ ಮಾರುವ ತೆಂಗಿನ ನಾರಿನ ಪುಡಿಗೆ ಕೊಡುವ ಬೆಲೆ ನೋಡಿದರೆ ತಿಪಟೂರಿನವರಿಗೆ ನಗು ಬರುತ್ತದೆ. ಗೊಬ್ಬರ ಬೆರೆಸದ್ದನ್ನೇ ಕೊಳ್ಳಿ. ಕೆಲವದರಲ್ಲಿ ಉಪ್ಪಿನಂಶ ಇರುತ್ತದೆ, ಒಂದೆರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಹಾಕಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಂಗೈಯಿಂದ ಗಟ್ಟಿಯಾಗಿ ತಟ್ಟಿ ಕೂರಿಸಿ. ಸಡಿಲವಿದ್ದರೆ ಮರಿ ಊಟದ ಜೊತೆ ಅದನ್ನೂ ನುಂಗುತ್ತದೆ. ಹಾಗೆ ಆಗದಿರಲು ನಾನು ಊಟವನ್ನು ಚಪ್ಪಡಿ ಕಲ್ಲಿನ ಮೇಲೆ ಇಡುತ್ತೇನೆ.

ಒಣ ಹುಲ್ಲಿನ ಉಂಡೆ, ಮರಳು, ನ್ಯೂಸ್‌ಪೇಪರ್ ಬೇಡ. ಒದ್ದೆಯಾದ ಹುಲ್ಲಿನ ಉಂಡೆ ಎರಡೇ ದಿನಕ್ಕೆ ಬೂಸ್ಟು. ಸೀಡರ್ ಮರದ ಚೂರು ಖಂಡಿತ ಬೇಡ, ಅದರ ಎಣ್ಣೆ ಆಮೆಗೆ ಆಗದು.

ನೀರು ಹಾಕುವ ಬಗೆ ಇಷ್ಟು. ಚೊಂಬಿನಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ನಾಲ್ಕು ಮೂಲೆಗೂ ಹೊಯ್ಯಿರಿ. ನೀರು ಕೆಳಗಿಳಿದು ತಳದಲ್ಲಿ ಹರಡುತ್ತದೆ. ಮೇಲ್ಪದರ ಮುಟ್ಟಿದರೆ ಕೈಗೆ ಒಣಗಿದ ಹಾಗೆ ಅನ್ನಿಸಬೇಕು, ಬೆರಳು ಒಳಗೆ ತೂರಿಸಿದರೆ ಒದ್ದೆ ಸಿಗಬೇಕು. ಮುಚ್ಚಿದ ಪೆಟ್ಟಿಗೆಯಾದರೆ ವಾರಕ್ಕೆ ಒಂದೆರಡು ಸಲ, ಸಲಕ್ಕೆ ಒಂದು ಲೀಟರ್ ಸುಮಾರು ಸಾಕಾಗುತ್ತದೆ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಬೆರಳಿನ ಪರೀಕ್ಷೆಯೇ ಅಂತಿಮ. ಮೇಲ್ಪದರ ಸದಾ ಕೆಸರಾಗಿದ್ದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ.

ಹೆಜ್ಜೆ 3: ಬಿಸಿ

ಒಂದು ಕಡೆ ಬಿಸಿ ಕಾಯಲು ದೀಪ. ಅದರ ನೇರ ಕೆಳಗೆ ಆಮೆಯ ಬೆನ್ನಿನ ಎತ್ತರದಲ್ಲಿ 35ರಿಂದ 38 ಡಿಗ್ರಿ ಬರಲಿ. ದೀಪ ಹಗಲು 12 ಗಂಟೆ ಮಾತ್ರ. ಒಂದೇ ಜಾಗಕ್ಕೆ ಕಿರಣ ಬೀಳುವ ಸ್ಪಾಟ್ ಬಲ್ಬ್ ಬೇಡ, ಅದು ಬೆನ್ನಿನ ಮೇಲ್ಭಾಗವನ್ನು ಒಣಗಿಸುತ್ತದೆ. ಬೆಳಕು ಅಗಲಕ್ಕೆ ಹರಡುವ ಫ್ಲಡ್ ಬಲ್ಬ್ ಹಾಕಿ. ಇಡೀ ಪೆಟ್ಟಿಗೆಯನ್ನು ರಾತ್ರಿಯೂ ಬೆಚ್ಚಗಿಡಲು ಬೆಳಕಿಲ್ಲದ ಸೆರಾಮಿಕ್ ಹೀಟರ್ ಅಥವಾ ಛಾವಣಿಗೆ ಹಚ್ಚುವ ಹೀಟ್ ಪ್ಯಾನೆಲ್, ಅದಕ್ಕೆ ಶಾಖ ಮಿತಿ ಮೀರದಂತೆ ತಾನೇ ಆರಿಸಿ ಹೊತ್ತಿಸುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಮುಚ್ಚಿದ ಪೆಟ್ಟಿಗೆಗೆ ಹೀಟರ್ ಇಡಬೇಡಿ. ಆಮೆಮರಿ ಬೆಂದುಹೋಗುತ್ತದೆ, ಮಾತಿಗೆ ಹೇಳುತ್ತಿಲ್ಲ. ಯುವಿಬಿಗೆ, ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೆ, ಉದ್ದನೆಯ ಟ್ಯೂಬ್ ಹಾಕಿ. ಅದು ಬೇರೆ ದೊಡ್ಡ ಕಥೆ, ಇಲ್ಲಿಗೆ ಇಷ್ಟು ಸಾಕು.

ಹೆಜ್ಜೆ 4: ಒದ್ದೆ ಗೂಡು

ಬಿಲದ ಬದಲಿಗೆ ಒಂದು ಗೂಡು ಕೊಡಬೇಕು. ಗಾಢ ಬಣ್ಣದ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ, ಒಂದು ಬದಿಯಲ್ಲಿ ಮರಿ ನುಸುಳುವಷ್ಟು ಬಾಗಿಲು ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ. ದೀಪದಿಂದ ದೂರದ ಕಡೆ ಇಡಿ. ಒಳಗಿನ ಹಾಸು ಬೇರೆ ಕಡೆಗಿಂತ ಒಂದು ಪಟ್ಟು ಹೆಚ್ಚು ಒದ್ದೆ ಇರಲಿ. ಪುಟ್ಟಿ ಮೊದಲ ವರ್ಷ ಊಟ ಮತ್ತು ಬಿಸಿಲು ಬಿಟ್ಟರೆ ಉಳಿದ ಹೊತ್ತೆಲ್ಲ ಅಲ್ಲೇ. ನನ್ನ ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, "ಇದೇನೋ, ಬಾಣಂತಿ ಕೋಣೆ ಮಾಡಿಟ್ಟಿದ್ದೀಯಲ್ಲೋ" ಅಂದರು. ಬೆಚ್ಚಗೆ, ಕತ್ತಲು, ಗಾಳಿ ತಾಗದ ಮೂಲೆ. ನನಗೆ ಅದಕ್ಕಿಂತ ಒಳ್ಳೆಯ ವಿವರಣೆ ಇನ್ನೂ ಸಿಕ್ಕಿಲ್ಲ.

ಹೆಜ್ಜೆ 5: ಅಳೆಯುವುದು

ಗುಂಡನ ಕಾಲದಲ್ಲಿ ನನ್ನ ಹತ್ತಿರ ಇದ್ದದ್ದು ಮುಳ್ಳು ತಿರುಗುವ ಅಂಟಿಸುವ ಮೀಟರ್. ಆಮೇಲೆ ಪರೀಕ್ಷಿಸಿದಾಗ ಗೊತ್ತಾಯಿತು, ಅದು ಶೇ 20ರಷ್ಟು ಸುಳ್ಳು ಹೇಳುತ್ತಿತ್ತು. ಡಿಜಿಟಲ್ ಹೈಗ್ರೋಮೀಟರ್, ಅಂದರೆ ತೇವಾಂಶ ಅಳೆಯುವ ಮೀಟರ್, ಎರಡು ಕೊಳ್ಳಿ. ಒಂದು ಬಿಸಿ ಕಡೆ, ಒಂದು ಗೂಡಿನೊಳಗೆ, ಆಮೆಯ ಎತ್ತರದಲ್ಲಿ. ಛಾವಣಿಯ ಹತ್ತಿರ ತೂಗುಹಾಕಿದರೆ ಅದು ಹೇಳುವುದು ಛಾವಣಿಯ ಕಥೆ.

ಹೊಸ ಮೀಟರನ್ನೂ ನಂಬುವ ಮೊದಲು ಅಡುಗೆ ಉಪ್ಪಿನಿಂದ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಒದ್ದೆ ಮರಳಿನ ಹಾಗಾಗಬೇಕು, ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಕೋಣೆಯ ಶಾಖದಲ್ಲಿ ಒಂದು ರಾತ್ರಿ ಬಿಡಿ. ಉಪ್ಪು ನೀರು ಕಚ್ಚದಂತೆ ಮೀಟರನ್ನು ದೂರವಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮೇಲೆ ಅದು ಹೇಳಿದ್ದಕ್ಕೆ 5 ಕೂಡಿಸಿ ಓದಿಕೊಳ್ಳಿ. ಮೀಟರಿನ ಮೇಲೇ ಪೆನ್ನಿನಲ್ಲಿ ಬರೆದಿಟ್ಟರೆ ಮರೆಯುವುದಿಲ್ಲ.

ಬಿಸಿ ದೀಪದಡಿ ಶೇ 60, ಗೂಡಿನಲ್ಲಿ ಶೇ 90 ಬಂದರೆ ಗಾಬರಿ ಬೇಡ. ಎರಡು ತುದಿಗೂ ಒಂದೇ ಸಂಖ್ಯೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಹೆಜ್ಜೆ 6: ಮೈಯೊಳಗಿನ ತೇವ

ಗಾಳಿ ಎಷ್ಟೇ ಒದ್ದೆಯಿದ್ದರೂ ಮರಿ ನೀರು ಕುಡಿಯದಿದ್ದರೆ ಪ್ರಯೋಜನವಿಲ್ಲ. ಮೊದಲ ವರ್ಷ ದಿನಾ ಒಂದು ಸ್ನಾನ. ಎತ್ತರದ ಬದಿಯ, ಆಚೆ ಕಾಣದ ಟಬ್ಬು ತೆಗೆದುಕೊಳ್ಳಿ. ಪಾರದರ್ಶಕವಾದರೆ ಮರಿ ಗೋಡೆ ಹತ್ತಲು ಒದ್ದಾಡುತ್ತಲೇ ಇರುತ್ತದೆ. ಕೂಸಿಗೆ ಎರೆಯುವಷ್ಟು ಬೆಚ್ಚಗಿನ ನೀರು, ಮೇಲಿನ ಮತ್ತು ಕೆಳಗಿನ ಚಿಪ್ಪು ಸೇರುವ ಗೆರೆಯವರೆಗೆ. 20ರಿಂದ 30 ನಿಮಿಷ. ನೀರು ಆರಿದರೆ ಬದಲಿಸಿ. ಪುಟ್ಟಿಯನ್ನು ಬೆಳಿಗ್ಗೆ ಟಬ್ಬಿಗೆ ಬಿಟ್ಟು ನಾನು ಕಾಫಿ ಮಾಡಿಕೊಳ್ಳುತ್ತೇನೆ. ಕಾಫಿ ಮುಗಿಯುವ ಹೊತ್ತಿಗೆ ಅವಳ ಎಲ್ಲ ಕಾರ್ಯಕ್ರಮವೂ ನೀರಿನಲ್ಲೇ ಮುಗಿದಿರುತ್ತದೆ, ಪೆಟ್ಟಿಗೆ ಚೊಕ್ಕವಾಗಿ ಉಳಿಯುತ್ತದೆ.

ಉಚ್ಚೆಯ ಜೊತೆ ಬರುವ ಬಿಳಿ ಪದಾರ್ಥ ನೋಡುವುದು ರೂಢಿಯಾಗಲಿ. ಗಟ್ಟಿ ಮಜ್ಜಿಗೆಯಂತಿದ್ದರೆ ಸರಿ. ರವೆಯಂತೆ ಕೈಗೆ ತರಿತರಿ ಸಿಕ್ಕರೆ ಮೈಯಲ್ಲಿ ನೀರು ಸಾಲದು. ಅದನ್ನು ಹಾಗೇ ಬಿಟ್ಟರೆ ಮುಂದೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಒಳಗೆ ಕುಡಿಯುವ ನೀರಿಗೆ ಗಿಡದ ಕುಂಡದಡಿ ಇಡುವ ಮಣ್ಣಿನ ತಟ್ಟೆ ಸಾಕು. ಆಳ ಇಲ್ಲದ್ದಿರಲಿ, ಮರಿ ಮಗುಚಿ ಬಿದ್ದರೂ ಮುಳುಗಬಾರದು. ಸೊಪ್ಪನ್ನು ತೊಳೆದು ನೀರು ಒರೆಸದೆ ಹಾಗೇ ಕೊಡಿ. ನಮ್ಮ ಹಿತ್ತಿಲಲ್ಲಿ ಹಿಪ್ಪುನೇರಳೆ ಇದೆ. ರೇಷ್ಮೆಹುಳುವಿಗೆ ಮಾತ್ರ ಎಂದುಕೊಂಡಿದ್ದ ಸೊಪ್ಪನ್ನು ಪುಟ್ಟಿ ತಿನ್ನುವ ಭರ ನೋಡಬೇಕು. ದಾಸವಾಳದ ಎಲೆ, ಮುಳ್ಳು ಸವರಿದ ಪಾಪಾಸುಕಳ್ಳಿ ಕೂಡ ಸರಿ.

ಆಮೆ, ಟಬ್ಬು, ತಟ್ಟೆ ಯಾವುದನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳಿಂದ ಸಾಲ್ಮೊನೆಲ್ಲಾ ಹರಡುತ್ತದೆ. ಆ ಟಬ್ಬು ಅಡುಗೆಮನೆಯ ಸಿಂಕಿಗೆ ಹೋಗಬಾರದು.

ಚಿಮುಕಿಸುವುದು, ಫಾಗರ್ ಇತ್ಯಾದಿ

ದಿನಕ್ಕೆ ಒಂದೆರಡು ಸಲ ಮರಿಯ ಬೆನ್ನಿಗೆ ಬೆಚ್ಚಗಿನ ನೀರು ಚಿಮುಕಿಸುವುದು ಒಳ್ಳೆಯದೇ. ಆದರೆ ಅದು ಒಗ್ಗರಣೆ ಇದ್ದ ಹಾಗೆ, ಸಾರಲ್ಲ. ಫೀನಿಕ್ಸ್‌ನ ನಲ್ಲಿ ನೀರು ಗಡಸು, ಚಿಪ್ಪಿನ ಮೇಲೆ ಬಿಳಿ ಕಲೆ ಕೂರುತ್ತದೆ. ಚಿಮುಕಿಸಲು ಫಿಲ್ಟರ್ ನೀರು ಬಳಸಿದರೆ ಆಯಿತು.

ಮಂಜು ಉಗುಳುವ ಯಂತ್ರ ಫಾಗರ್ ಬಗ್ಗೆ ನನ್ನ ಅಭಿಪ್ರಾಯ: ಬೇಡ. ಮುಚ್ಚಿದ ಪೆಟ್ಟಿಗೆಗೆ ಅದು ಅನಗತ್ಯ, ತೆರೆದ ತೊಟ್ಟಿಗೆ ಅದು ಸಾಲದು. ತಣ್ಣನೆಯ ಹೊಗೆಮಂಜು ನೇರ ಮರಿಯ ಮೂಗಿಗೆ ಹೋಗುತ್ತದೆ. ಅದರ ನೀರಿನ ಡಬ್ಬಿಯನ್ನು ಪದೇ ಪದೇ ತೊಳೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಅದನ್ನೂ ಮರಿ ಉಸಿರಾಡುತ್ತದೆ. ನೋಡಲು ಚೆಂದ, ಅಷ್ಟೇ.

ಎಡವಟ್ಟಾದಾಗ

ಗಾಜಿನ ಮೇಲೆ ಬೆಳಗಿನ ಹೊತ್ತು ಹನಿ ಕಟ್ಟಿದರೆ ತೊಂದರೆಯಿಲ್ಲ. ದಿನವಿಡೀ ಧಾರೆಯಾಗಿ ಇಳಿಯುತ್ತಿದ್ದರೆ ಕೋಣೆಗೂ ಪೆಟ್ಟಿಗೆಗೂ ಶಾಖದ ಅಂತರ ಬಹಳ ಇದೆ ಎಂದರ್ಥ. ಹೊರಗಿನಿಂದ ಥರ್ಮೋಕೋಲ್ ಹಾಳೆ ಹಚ್ಚಿ.

ಬಿಳಿ ಬೂಸ್ಟು ಮೊದಲ ತಿಂಗಳು ಸಾಮಾನ್ಯ. ಕಂಡಲ್ಲಿ ತೆಗೆದುಹಾಕಿ, ಉಳಿದ ಊಟ ಸಂಜೆಯೇ ಎತ್ತಿಬಿಡಿ. ನಾನು ಸ್ಪ್ರಿಂಗ್‌ಟೇಲ್ ಎಂಬ ಕಣ್ಣಿಗೆ ಕಂಡೂ ಕಾಣದ ಹುಳುಗಳನ್ನು ಹಾಸಿನೊಳಗೆ ಬಿಟ್ಟಿದ್ದೇನೆ. ಬೂಸ್ಟು ಅವುಗಳ ಪಾಲು. ಹಾಸಿನಿಂದ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಹುಳುಗಳಿಂದ ಆಗದು, ಪೂರ್ತಿ ಬದಲಿಸಬೇಕು.

ವಾರಕ್ಕೊಮ್ಮೆ ಮರಿಯನ್ನು ತಿರುಗಿಸಿ ಹೊಟ್ಟೆಯ ಚಿಪ್ಪು ನೋಡಿ, ಮೂಸಿಯೂ ನೋಡಿ. ಮೆತ್ತಗಿನ ಕಲೆ, ಸುಲಿದ ಪದರ, ಕೆಟ್ಟ ವಾಸನೆ ಇದ್ದರೆ ಮೇಲ್ಪದರ ತೀರಾ ಒದ್ದೆಯಾಗಿದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಕುತ್ತಿಗೆ ಚಾಚಿ ಉಸಿರಾಡುವುದು, ಊಟ ಬಿಡುವುದು, ಇವು ಕಂಡರೆ ಮನೆಮದ್ದು ಬೇಡ. ಅದೇ ದಿನ ಸರೀಸೃಪ ನೋಡುವ ಪಶುವೈದ್ಯರಲ್ಲಿಗೆ ಹೋಗಿ. ನಾಯಿ ಬೆಕ್ಕಿನ ವೈದ್ಯರೆಲ್ಲ ಆಮೆ ನೋಡುವುದಿಲ್ಲ, ಹತ್ತಿರ ಯಾರಿದ್ದಾರೆ ಎಂದು ಮರಿ ತರುವ ಮೊದಲೇ ವಿಚಾರಿಸಿಟ್ಟಿರಿ.

ಪೆಟ್ಟಿಗೆ ಬಿಡುವ ಕಾಲ

ಚಿಪ್ಪು 15ರಿಂದ 20 ಸೆಂಟಿಮೀಟರ್ ದಾಟಿದ ಮೇಲೆ ಕಟ್ಟುನಿಟ್ಟು ನಿಧಾನಕ್ಕೆ ಸಡಿಲಿಸಬಹುದು. ಫೀನಿಕ್ಸ್‌ನಂಥ ಊರಿನಲ್ಲಿ ಹಗಲು ಹಿತ್ತಿಲು, ರಾತ್ರಿ ಒಳಗೆ. ಇಲ್ಲಿಯ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ನಮ್ಮ ಕಡೆಯ ಮಳೆಗಾಲಕ್ಕೆ ಹೋಲಿಸಿದರೆ ನಾಲ್ಕು ಹನಿ, ಆದರೂ ಗಾಳಿಯಲ್ಲಿ ತೇವ ಬರುತ್ತದೆ. ಹೊರಗೆ ಬಿಡುವುದನ್ನು ನಾನು ಶುರುಮಾಡಿದ್ದು ಆಗ. ಹಿತ್ತಿಲಿನಲ್ಲಿ ನೆರಳು, ಸ್ಪ್ರಿಂಕ್ಲರ್ ತಾಗುವ ಒಂದು ಮೂಲೆ, ಆಳವಿಲ್ಲದ ನೀರಿನ ಹೊಂಡ ಬೇಕು. ರಾತ್ರಿಗೆ ಒಳಗೆ ಜಾಗ ಸಾಲದಾದಾಗ ಥರ್ಮೋಸ್ಟಾಟ್ ಇರುವ, ಬಿಸಿ ಹೊರಹೋಗದಂತೆ ಕಟ್ಟಿದ ಗೂಡು ಮಾಡಿ, ಅದರೊಳಗೂ ಒಂದು ಟಬ್ಬು ನೀರಿಡಿ.

ಗುಂಡ ಈಗ ನನ್ನ ಒಂದು ಕೈಗೆ ಎತ್ತಲಾಗದಷ್ಟು ಆಗಿದ್ದಾನೆ. ಹೋದ ಜುಲೈನ ಮೊದಲ ಮಳೆಗೆ ಕಾಂಪೌಂಡಿನ ಪಕ್ಕ ಬಿಲ ತೋಡಲು ಶುರುಮಾಡಿದ. ನಿಲ್ಲಿಸಲು ಹೋಗಿ ಸೋತು, ಗೋಡೆಯ ಪಾಯ ಉಳಿಸಲು ಕಲ್ಲು ಹೂತಿದ್ದೇನೆ. ಬಿಲದೊಳಗೆ ಒಂದು ದಿನ ಹೈಗ್ರೋಮೀಟರ್ ಇಳಿಬಿಟ್ಟು ನೋಡಿದೆ. ಮೇಲೆ ಶೇ 14, ಕೆಳಗೆ 61.